ಮಾಳಿಗೆಯ ಮಣ್ಣೂ ಶ್ರಮದಾನದ ಕೀರ್ತಿಯೂ

ಐತಿಹಾಸಿಕ ಕಟ್ಟಡಗಳ ರಕ್ಷಣೆಗೆಂದು ತರುಣರು ಮಾಡುವ ಶ್ರಮದಾನಕ್ಕೆ ನಮ್ಮ ನಾಡಿನಲ್ಲಿ ಸಲ್ಲುತ್ತಿರುವ ಪ್ರಶಂಸೆಯ ಬಹುಭಾಗವು, ಕೋಟೆಯ ಮುಳ್ಳುಕಂಟಿಯನ್ನು ಸವರಿ ಗುಡಿಯ ಅಂಗಳವನ್ನು ಗುಡಿಸುವ ಒಂದು ದಿನದ ಉತ್ಸಾಹಕ್ಕೆ ಸಂದದ್ದೇ ಹೊರತು, ಜನರು ಇಂದಿಗೂ ಬಾಳುತ್ತಿರುವ ಹಳೆಯ ಮನೆಗಳನ್ನು ಉಳಿಸಿಕೊಳ್ಳುವ ದೀರ್ಘ ಪರಿಶ್ರಮಕ್ಕೆ ಸಂದದ್ದಲ್ಲ. ಇಟಗಿಯ ಮಹಾದೇವ ದೇವಾಲಯಕ್ಕೆ ಇಲಾಖೆಯ ಕಾವಲುಂಟು. ಗಂಗಾವತಿ ಸೀಮೆಯ ಆನೆಗೊಂದಿಯ ಓಣಿಯಲ್ಲಿರುವ ಮಾಳಿಗೆಮನೆಗೆ ಅದರ ಒಡೆಯನೇ ದಿಕ್ಕು. 1997ರಲ್ಲಿ ಆರಂಭವಾದ ಕಿಷ್ಕಿಂಧ ಟ್ರಸ್ಟ್ ಅಲ್ಲಿನ ಕೆಲವು ಮನೆಗಳನ್ನು ದೇಶೀಯ ಕ್ರಮದಲ್ಲಿಯೇ ಜೀರ್ಣೋದ್ಧಾರ ಮಾಡಿದ ಕಾರ್ಯವು ಎಷ್ಟು ಚರ್ಚೆಗೆ ಅರ್ಹವೋ ಅಷ್ಟು ಚರ್ಚೆಗೆ ಬಂದಿಲ್ಲ.

ಆ ಕ್ರಮದ ಮರ್ಮವಿರುವುದು ಮಾಳಿಗೆಯಲ್ಲಿ. ಗೋಡೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚೂರು, ಅದರ ಮೇಲೆ ಸೊಪ್ಪು, ಆಮೇಲೆ ಮಣ್ಣು, ಕಟ್ಟಕಡೆಗೆ ನೀರು ತಾಗಿದೊಡನೆ ಉಬ್ಬಿ ಬಿರುಕನ್ನು ತಾನೇ ಮುಚ್ಚಿಕೊಳ್ಳತಕ್ಕ ಸವುಳು ಮಣ್ಣು. ಮುಂಗಾರಿಗೆ ಮುನ್ನ ವರ್ಷವರ್ಷವೂ ಈ ಮಣ್ಣನ್ನು ಹಾಕಬೇಕು. ಆದರೆ ಹಾಕುವುದಕ್ಕಿಂತ ತೆಗೆಯುವುದರಲ್ಲಿಯೇ ಕೌಶಲ ಹೆಚ್ಚು. ಹಳೆಯದನ್ನು ಕೆರೆಯದೆ ಹೊಸದನ್ನೇ ಪೇರಿಸುತ್ತ ಹೋದರೆ ಭಾರಕ್ಕೆ ತೊಲೆ ಬಾಗುತ್ತದೆ. ಅತಿಯಾಗಿ ಕೆರೆದರೆ ಸೊಪ್ಪಿನ ಪದರವೇ ಹರಿದು ಜಂತಿಗೆ ನೀರಿಳಿಯುತ್ತದೆ. ಎಲ್ಲಿ ಕೆರೆಯಬೇಕು, ನೀರು ಬೀಳುವ ದೋಣಿಯ ಕಡೆಗೆ ಇಳಿಜಾರನ್ನು ಹೇಗೆ ತರಬೇಕು ಎಂಬುದು ಅನುಭವಿಯ ಅಂಗಾಲಿಗೆ ಮಾತ್ರ ತಿಳಿಯುವ ವಿದ್ಯೆ. ಈ ಗೋಜೇ ಬೇಡವೆಂದು ಮೇಲೊಂದು ಸಿಮೆಂಟಿನ ಪದರವನ್ನೆಳೆದರೆ, ಅದು ಬಿಸಿಲಿಗೆ ಸೀಳಿ, ಸೀಳಿನಿಂದ ಇಳಿದ ನೀರು ಹೊರಬರಲಾರದೆ ಒಳಗೇ ನಿಂತು ತೊಲೆಯನ್ನು ಕೊಳೆಯಿಸುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮನೆಯನ್ನು ಕೆಡಿಸಿದವರು ಕಡಿಮೆಯಿಲ್ಲ.

ಇಂತಿರಲು, 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ 7 ದಿನಗಳ ವಿಶೇಷ ಶಿಬಿರವು ಈ ವಿದ್ಯೆಗೆ ಸಾಲುವುದೇ? ಸಾಲದು. ಆದರೆ ಅದೇ ಯೋಜನೆ ವಿದ್ಯಾರ್ಥಿಯೊಬ್ಬನಿಂದ 2 ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಕೇಳುತ್ತದೆ. ಅದನ್ನು ಒಂದೇ ಊರಿನ ನಾಲ್ಕು ಮನೆಗಳಿಗೆ ಮೀಸಲಿಟ್ಟರೆ ಸಾಲುತ್ತದೆ.

ಇಲ್ಲಿ ಎರಡು ಬಗೆಯ ಆಕ್ಷೇಪಕರನ್ನು ಎದುರಿಸಬೇಕಾಗಿದೆ. 2019ರಲ್ಲಿ ಹಂಪಿಯ ಕಂಬವನ್ನುರುಳಿಸಿದ ತರುಣರ ಪ್ರಸಂಗವನ್ನೆತ್ತಿ, ಯುವಜನರನ್ನು ಹಳೆಯ ಕಟ್ಟಡಗಳಿಂದ ದೂರವಿಡುವುದೇ ಲೇಸೆನ್ನುವವರು ಮೊದಲನೆಯವರು. ಆ ತರುಣರಿಗೆ ದಂಡ ವಿಧಿಸಿದ ನ್ಯಾಯಾಲಯವೇ ಅವರಿಂದಲೇ ಕಂಬವನ್ನು ಮತ್ತೆ ನಿಲ್ಲಿಸಿತೆಂಬುದನ್ನು ಇವರು ಮರೆಯುತ್ತಾರೆ. ಎರಡನೆಯವರು ಹೆಚ್ಚು ವಿದ್ಯಾವಂತರು, ಆದುದರಿಂದ ಹೆಚ್ಚು ಅಪಾಯಕಾರಿಗಳು: ದುರಸ್ತಿಯಾದ ಮನೆ ಪ್ರವಾಸಿಗರ ವಸತಿಯಾದೊಡನೆ ಅದರ ಸತ್ವ ಹೋಯಿತೆಂಬುದು ಇವರ ವಾದ. ಮನೆಯೊಳಗೆ ಜನರಿಲ್ಲದಿದ್ದರೆ ಮಾಳಿಗೆಗೆ ಮಣ್ಣು ಬೀಳುವುದಿಲ್ಲ; ಮಣ್ಣು ಬೀಳದ ಮಾಳಿಗೆ ಹೆಚ್ಚು ಮಳೆಗಾಲ ತಾಳುವುದಿಲ್ಲ. ಕುಸಿದ ಮನೆಯ ಸತ್ವವನ್ನು ಈ ಮಹನೀಯರು ಎಲ್ಲಿ ಹುಡುಕುತ್ತಾರೆ? ಊರವರು ತಮ್ಮ ಮನೆಯಲ್ಲಿಯೇ ಇರುವುದು ಉತ್ತಮವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪಾಳುಬೀಳುವುದಕ್ಕಿಂತ ಅತಿಥಿಗಳಿರುವುದು ಮೇಲು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳು ತಮ್ಮ ಶಿಬಿರವನ್ನು ಮುಂಗಾರಿಗೆ ಮುಂಚೆ ಇರಿಸಿಕೊಳ್ಳಲಿ. ಮಾಳಿಗೆಯ ಕೆಲಸ ಬಲ್ಲ ಮುದುಕರನ್ನು ಸಂಭಾವನೆಯಿತ್ತು ಗುರುಗಳಾಗಿ ಕರೆಯಲಿ. ಮಳೆ ಬಂದ ಮೇಲೆ ಅದೇ ವಿದ್ಯಾರ್ಥಿಗಳನ್ನು ಅದೇ ಮನೆಗೆ ಕಳುಹಿಸಿ, ಎಲ್ಲಿ ಸೋರಿತೆಂದು ನೋಡಿಸಲಿ.