ಗುಮಾಸ್ತರು ಉಳಿಸಿದ ಕವಿತೆ

ಕೊರಿಯಾದ ಹ್ವಾಂಗ್ ಜಿನಿಯ 6 ಸಿಜೊಗಳನ್ನು (ಮೂರು ಸಾಲಿನ ಹಾಡುಗವಿತೆಗಳನ್ನು) ಒಂದೊಂದಾಗಿ ಬಿಡಿಸಿ ನೋಡೋಣ ಎಂದು ಹೋದ ವಾರ ಮಾತು ಕೊಟ್ಟಿದ್ದೆ. 16ನೆಯ ಶತಮಾನದಲ್ಲಿ ಕೇಸಾಂಗ್ ಪಟ್ಟಣದಲ್ಲಿದ್ದ ಈ ಕಿಸೆಂಗ್ (ಹಾಡು, ಕುಣಿತ, ಪದ್ಯರಚನೆಯ ಕಸುಬಿನವಳು) ಹೆಸರಿನಲ್ಲಿ ಕೊರಿಯನ್ ನುಡಿಯಲ್ಲಿ ಉಳಿದಿರುವುದು ಅಷ್ಟೇ; ಚೀನೀ ಭಾಷೆಯಲ್ಲಿ ಬರೆದ ಒಂದಷ್ಟು ಪದ್ಯಗಳು ಬೇರೆ. 6 ಸಿಜೊ ಎಂದರೆ 18 ಸಾಲು. ಈ 18 ಸಾಲಿನ ಸುತ್ತ ಎಷ್ಟು ಕಾದಂಬರಿ, ಎಷ್ಟು ಧಾರಾವಾಹಿ, ಎಷ್ಟು ಸಿನಿಮಾ! ಅವುಗಳ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಕವಿತೆ ಓದುವ ಒಂದು ಪಂಥದ ಮೇಲೆ. ಅವರ ಪ್ರಕಾರ ಕಿಸೆಂಗ್ ಕವಿತೆಯೆಂದರೆ ವಿರಹದ ನಿಟ್ಟುಸಿರು. ಆ ನಿಟ್ಟುಸಿರು ಯಾರಿಗಾಗಿ ಎಂದು ಪತ್ತೆ ಹಚ್ಚಿಬಿಟ್ಟರೆ ಓದುಗನ ಕೆಲಸ ಮುಗಿಯಿತು. ಮೂರು ಸಾಲಿನ ಕವಿತೆಗೆ ಮೂವತ್ತು ಪುಟದ ಪ್ರೇಮಕಥೆ ಹೊಸೆದು, ಕವಿತೆಯನ್ನು ಅದರ ಅಡಿಟಿಪ್ಪಣಿ ಮಾಡುವವರು ಇವರು.

ನಿಟ್ಟುಸಿರು ಯಾರು ಬೇಕಾದರೂ ಬಿಡಬಹುದು. ಸಿಜೊ ಕಟ್ಟಲು ಕಲಿಯಬೇಕು. ಜೊಸಾನ್ ದೊರೆತನದ ಕಾಲದಲ್ಲಿ ಕಿಸೆಂಗ್‌ಗಳ ಹೆಸರು ಸರ್ಕಾರಿ ದಫ್ತರದಲ್ಲಿರುತ್ತಿತ್ತು. ಕಾನೂನಿನ ಲೆಕ್ಕದಲ್ಲಿ ಅವರದು ಸಮಾಜದ ಕಟ್ಟಕಡೆಯ ವರ್ಗ. ತಾಯಿಯ ಸ್ಥಾನವೇ ಮಗಳಿಗೂ ಬರುತ್ತಿತ್ತು. 1894ರ ಸುಧಾರಣೆಗಳು ಬರುವವರೆಗೆ ಈ ಕಟ್ಟು ಕಾನೂನಾಗಿಯೇ ಇತ್ತು. ಹಾಡು, ಕುಣಿತ, ವಾದ್ಯ, ಪದ್ಯರಚನೆ ಇವೆಲ್ಲ ಅವರು ಚಿಕ್ಕಂದಿನಿಂದ ಕಲಿತ ಕಸುಬು. ಎದುರಿಗೆ ಕೂರುತ್ತಿದ್ದವರಾದರೋ ಕವಿತೆ ಬರೆದೇ ರಾಜ್ಯದ ಪರೀಕ್ಷೆ ಪಾಸಾಗಬೇಕಿದ್ದ ಪಂಡಿತರು. ಅವರು ಒಂದು ಪದ್ಯ ಎಸೆದರೆ ಅದೇ ಪ್ರಾಸದಲ್ಲಿ ಇನ್ನೊಂದನ್ನು ಕೂತಲ್ಲೇ ಕಟ್ಟಿ ಉತ್ತರ ಕೊಡಬೇಕು. ಇಂಥ ಪರೀಕ್ಷೆಯನ್ನು ರಾತ್ರಿ ರಾತ್ರಿ ಗೆದ್ದವರ ಕವಿತೆಯನ್ನು ಎದೆಯಿಂದ ತಾನಾಗಿ ಉಕ್ಕಿ ಬಂದದ್ದು ಎಂದು ಹೊಗಳಿದರೆ ಅವರ ದುಡಿಮೆಯನ್ನೇ ಅಲ್ಲಗಳೆದಂತೆ.

ಹ್ವಾಂಗ್ ಜಿನಿ ಚಳಿಗಾಲದ ದೀರ್ಘ ರಾತ್ರಿಯ ಮೇಲೆ ಕಟ್ಟಿದ ಪದ್ಯವನ್ನೇ ನೋಡಿ. ಅಲ್ಲಿ ಕಾಲವೆಂಬುದು ಬಟ್ಟೆಯಾಗುತ್ತದೆ. ಕತ್ತರಿಸುವುದು ಮೊದಲ ಸಾಲಿನ ಕೆಲಸ, ಮಡಿಸಿಡುವುದು ಎರಡನೆಯದರದು, ಬಿಚ್ಚುವುದು ಮೂರನೆಯದರದು. ಸಾಲಿಗೊಂದು ಕ್ರಿಯೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಅಗಲಿಕೆಯ ಮೇಲಿನ ಇನ್ನೊಂದು ಪದ್ಯದಲ್ಲಿ ಎರಡನೆಯ ಸಾಲಿನ ತುದಿಗೆ ಬರುವ ನುಡಿಯನ್ನು ಹಿಂದಿನ ಮಾತಿಗೂ ಸೇರಿಸಿಕೊಳ್ಳಬಹುದು, ಮುಂದಿನ ಸಾಲಿಗೂ ಸೇರಿಸಿಕೊಳ್ಳಬಹುದು. ಹಟ ಮಾಡಿದ್ದು ಹೋದವನೋ, ಕಳಿಸಿದವಳೋ? ಎರಡೂ ಓದು ಒಟ್ಟಿಗೇ ನಿಲ್ಲುತ್ತವೆ. ಸಿಜೊದ ಮೂರನೆಯ ಸಾಲು ಮೂರು ಅಕ್ಷರದ ಗಣದಿಂದಲೇ ಆರಂಭವಾಗಬೇಕು, ಕವಿತೆ ತಿರುವು ಪಡೆಯುವುದೂ ಅಲ್ಲೇ ಎಂಬುದು ಈ ಅಂಕಣದ ಓದುಗರಿಗೆ ಗೊತ್ತು. ಆ ತಿರುವಿನ ಹೊಸ್ತಿಲಲ್ಲೇ ಅರ್ಥವನ್ನು ಎರಡಾಗಿ ಸೀಳಿ ನಿಲ್ಲಿಸಿದ್ದಾಳೆ ಹ್ವಾಂಗ್ ಜಿನಿ. ದುಃಖದಿಂದ ಮಾತ್ರ ಇದು ಸಾಧ್ಯವಾಗುವುದಿಲ್ಲ.

ಉಳಿದ ನಾಲ್ಕು ಪದ್ಯಗಳು ಮುಂದಿನ ವಾರಕ್ಕಿರಲಿ. ಯಾಕೆಂದರೆ ಈ ಜಗಳಕ್ಕೆ ಬೇಕಾದ ಅತಿ ಬಲವಾದ ಸಾಕ್ಷಿ ಕೇಸಾಂಗಿನಲ್ಲಿಲ್ಲ. ಅದು ಇರುವುದು ನೈಋತ್ಯ ಕರಾವಳಿಯ ಬುವಾನ್ ಎಂಬ ಚಿಕ್ಕ ಊರಿನಲ್ಲಿ.

ಅಲ್ಲಿ 1573ರಲ್ಲಿ ಹುಟ್ಟಿದವಳು ಮೇಚಾಂಗ್ ಎಂಬ ಕಿಸೆಂಗ್. ತಂದೆ ಊರಿನ ಸರ್ಕಾರಿ ಕಚೇರಿಯ ಗುಮಾಸ್ತ. ಇವಳ ಬಗ್ಗೆಯೂ ಒಂದು ಪ್ರೇಮಕಥೆಯಿದೆ. ಯು ಹುಯಿಗ್ಯಾಂಗ್ ಎಂಬ ಕವಿ, ಅವಳಿಗಿಂತ 28 ವರ್ಷ ದೊಡ್ಡವನು, ತಾನೂ ಕೀಳುಕುಲದಲ್ಲಿ ಹುಟ್ಟಿದವನು. 1592ರಲ್ಲಿ ಜಪಾನೀಯರು ದಂಡೆತ್ತಿ ಬಂದಾಗ ಜನರನ್ನು ಕಟ್ಟಿಕೊಂಡು ಕಾದಾಡಿದವನು. ಇಬ್ಬರೂ ಒಬ್ಬರ ಮೇಲೊಬ್ಬರು ಪದ್ಯ ಬರೆದರು. ಕಥೆ ನಿಜವೇ, ಚೆನ್ನಾಗಿಯೂ ಇದೆ. ನಿಟ್ಟುಸಿರಿನ ಪಂಥದವರು ಇಲ್ಲಿಗೇ ನಿಲ್ಲುತ್ತಾರೆ. ನಿಲ್ಲಬಾರದು.

1601ರಲ್ಲಿ ಸರ್ಕಾರಿ ಕೆಲಸದ ಮೇಲೆ ಬುವಾನಿಗೆ ಬಂದ ಹೊ ಗ್ಯುನ್ ಅವಳನ್ನು ಭೇಟಿಯಾದ. ದೊಡ್ಡ ಮನೆತನದ ಅಧಿಕಾರಿ, ಕವಿ, ಕಾವ್ಯದ ಒಳ್ಳೆಯ ಪಾರಖಿ. ಅಕ್ಕ ಹೊ ನಾನ್‌ಸಾಲ್‌ಹಾನ್ ಸ್ವತಃ ಹೆಸರಾಂತ ಕವಯಿತ್ರಿ. ಅವನು ತನ್ನ ದಿನಚರಿಯಲ್ಲಿ ಬರೆದಿಟ್ಟದ್ದರ ಸಾರಾಂಶ ಇಷ್ಟು: ಅವಳು ನೋಡಲು ಅಂಥ ಚೆಲುವೆಯೇನಲ್ಲ, ಆದರೆ ಪ್ರತಿಭಾವಂತೆ, ಇಡೀ ದಿನ ಇಬ್ಬರೂ ಪದ್ಯಕ್ಕೆ ಪದ್ಯ ಕೊಡುತ್ತ ಕಳೆದರು. ಅವರ ಗೆಳೆತನ ಅವಳು ಬದುಕಿರುವವರೆಗೂ ಉಳಿಯಿತು. 1610ರಲ್ಲಿ ಅವಳು ತೀರಿಕೊಂಡಾಗ ಅವನು ಚರಮಗೀತೆ ಬರೆದ. ಇದರಲ್ಲಿ ನಲ್ಲನ ಹುಡುಕಾಟಕ್ಕೆ ಏನೂ ಸಿಗುವುದಿಲ್ಲ. ಸಿಗುವುದು ಒಬ್ಬ ಕವಿ ಇನ್ನೊಬ್ಬ ಕವಿಗೆ ಕೊಟ್ಟ ಮರ್ಯಾದೆ.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಆಮೇಲೆ ನಡೆದದ್ದು. ಮೇಚಾಂಗ್ ನೂರಾರು ಪದ್ಯ ಬರೆದಿದ್ದಳಂತೆ. ಬಹುಪಾಲು ಚದುರಿ ಹೋದವು. 1668ರಲ್ಲಿ, ಅಂದರೆ ಅವಳು ಸತ್ತು 58 ವರ್ಷ ಕಳೆದ ಮೇಲೆ, ಬುವಾನಿನ ಕಚೇರಿಯ ಗುಮಾಸ್ತರು ತಮ್ಮ ಬಾಯಲ್ಲಿ ಉಳಿದಿದ್ದ ಅವಳ ಪದ್ಯಗಳನ್ನು ಕಲೆಹಾಕಿದರು. ಸಿಕ್ಕಿದ್ದೂ 58. ಹತ್ತಿರದ ಗೇಅಮ್ಸಾ ಎಂಬ ಬೌದ್ಧ ವಿಹಾರದಲ್ಲಿ ಮರದ ಹಲಗೆಗಳ ಮೇಲೆ ಅವನ್ನು ಕೆತ್ತಿಸಿ ಅಚ್ಚು ಹಾಕಿಸಿದರು. ಅದೇ 'ಮೇಚಾಂಗ್‌ಜಿಪ್'.

ಆ ಹೊತ್ತಿಗೆ ಅವಳನ್ನು ಕಣ್ಣಾರೆ ಕಂಡವರು ಎಷ್ಟು ಜನ ಉಳಿದಿದ್ದಾರು? ಪುಸ್ತಕ ಮಾಡಿದವರಲ್ಲಿ ಹೆಚ್ಚಿನವರಿಗೆ ಅವಳು ಅಪ್ಪನೋ ಅಜ್ಜನೋ ಹೇಳುತ್ತಿದ್ದ ಪದ್ಯಗಳ ಕರ್ತೃ, ಅಷ್ಟೆ. ಗುಮಾಸ್ತಿಕೆ ವಂಶದಿಂದ ವಂಶಕ್ಕೆ ಬರುತ್ತಿದ್ದ ಕೆಲಸ. ಮೇಲಧಿಕಾರಿಗಳು ರಾಜಧಾನಿಯಿಂದ ಬರುತ್ತಿದ್ದರು, ಅವಧಿ ಮುಗಿದೊಡನೆ ಹೋಗುತ್ತಿದ್ದರು. ಊರಲ್ಲೇ ಉಳಿದು ದಫ್ತರ ಬರೆಯುತ್ತಿದ್ದವರು ಇವರು. ತಮ್ಮವನೊಬ್ಬನ ಮಗಳ ಕವಿತೆಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಬಾಯಿಪಾಠದಲ್ಲಿ ಇಟ್ಟುಕೊಂಡಿದ್ದರು. ಹಲಗೆ ಕೆತ್ತಿಸುವುದು ಖರ್ಚಿನ ಬಾಬತ್ತು. ಆದರೂ ಒಬ್ಬ ಕಿಸೆಂಗ್ ಹೆಸರಿನಲ್ಲೇ ಪುಸ್ತಕ ತಂದರು. ಪ್ರೇಮಕಥೆಗಾಗಿ ಯಾರೂ ಚೀನೀ ಛಂದಸ್ಸಿನ 58 ಪದ್ಯಗಳನ್ನು ಕಂಠಪಾಠ ಮಾಡುವುದಿಲ್ಲ. ಪದ್ಯ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮಾಡುತ್ತಾರೆ.

ಅವಳ ಅತಿ ಪ್ರಸಿದ್ಧವಾದ ಸಿಜೊ ಮಾತ್ರ ಆ ಪುಸ್ತಕದಲ್ಲಿಲ್ಲ. ಅಲ್ಲಿರುವುದೆಲ್ಲ ಚೀನೀ ಭಾಷೆಯ ಪದ್ಯಗಳೇ. ಸಿಜೊ ಹಾಡುವ ಪ್ರಕಾರ. 1446ರಲ್ಲೇ ದೊರೆ ಸೇಜಾಂಗ್ ಕೊರಿಯನ್ ಲಿಪಿಯನ್ನು ಹೊರತಂದಿದ್ದರೂ ಪಂಡಿತರ ಗಂಭೀರ ಬರವಣಿಗೆ ಚೀನೀ ಭಾಷೆಯಲ್ಲೇ ನಡೆಯಿತು. ದೇಶೀ ಹಾಡು ಗಾಯಕರ ಗಂಟಲಲ್ಲಿ ಬದುಕಿತು. 1728ರಲ್ಲಿ ಕಿಮ್ ಚಾನ್‌ಟೇಕ್ 580 ಹಾಡುಗಳನ್ನು 'ಚಾಂಗ್‌ಗು ಯಾಂಗಾನ್' ಎಂಬ ಸಂಕಲನದಲ್ಲಿ ಕೂಡಿಹಾಕಿದ. ಅವನೂ ಶ್ರೀಮಂತ ಪಂಡಿತನಲ್ಲ, ಹಾಡುಗಾರ. ದೊರೆಗಳು, ಮಂತ್ರಿಗಳು ಕಟ್ಟಿದ ಹಾಡುಗಳಿರುವ ಪುಸ್ತಕದಲ್ಲೇ ಹ್ವಾಂಗ್ ಜಿನಿಯ ಹೆಸರನ್ನೂ ಬರೆದು ಅವಳ ಹಾಡುಗಳಿಗೆ ಜಾಗ ಕೊಟ್ಟ.

ನಿಟ್ಟುಸಿರಿನ ಪಂಥಕ್ಕೆ ಇನ್ನೂ ಒಂದು ಮಾತು: ಇಂಥ ಕವಿತೆಗೆ ಕೇಳುಗರು ಯಾವಾಗಲೂ ಗಂಡಸರೇ ಆಗಿರಲಿಲ್ಲ. ಕಿಮ್ ಗೂಮ್‌ವಾನ್ ಎಂಬವಳು 14ರ ವಯಸ್ಸಿನಲ್ಲಿ ಹುಡುಗನ ವೇಷ ತೊಟ್ಟು ಗೂಮ್‌ಗಾಂಗ್ ಬೆಟ್ಟಗಳನ್ನು ಸುತ್ತಿಬಂದಳು. 1850ರಲ್ಲಿ ಆ ಪ್ರವಾಸದ ಕಥನ ಬರೆದಳು. ಹಾನ್ ನದಿಯ ದಡದ ಸಾಂಹೊಜಾಂಗ್ ಮಂಟಪದಲ್ಲಿ ಅವಳೂ ಗೆಳತಿಯರೂ ಕವಿಗೋಷ್ಠಿ ನಡೆಸುತ್ತಿದ್ದರು. ಅವರಲ್ಲಿ ಹಿಂದೆ ಕಿಸೆಂಗ್ ಆಗಿದ್ದವರೂ ಇದ್ದರು, ಅಧಿಕಾರಿಗಳ ಕಿರಿಯ ಹೆಂಡತಿಯರೂ ಇದ್ದರು. ಹೆಂಗಸರೇ ಬರೆದು, ಹೆಂಗಸರೇ ಕೇಳಿ, ಹೆಂಗಸರೇ ತೂಗಿದ ಕವಿತೆ ಅದು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಕಿಸೆಂಗ್ ಕವಿತೆ ಸಿಕ್ಕಿದರೆ ಅದರ ಜೊತೆ ಅಚ್ಚಾದ ಪ್ರೇಮಕಥೆಯನ್ನು ಕೊನೆಗೆ ಓದಿ. ಮೊದಲು ಮೂರು ಸಾಲನ್ನು ಗಟ್ಟಿಯಾಗಿ ಓದಿ, ಮೂರನೆಯದು ಎಲ್ಲಿ ತಿರುಗುತ್ತದೆ ನೋಡಿ, ಸಾಧ್ಯವಾದರೆ ಬಾಯಿಪಾಠ ಮಾಡಿ. ಬುವಾನಿನ ಗುಮಾಸ್ತರು ಓದಿದ್ದು ಹಾಗೆಯೇ. ಮೇಚಾಂಗಳಿಗೆ ಅವರಿಗಿಂತ ಒಳ್ಳೆಯ ವಿಮರ್ಶಕರು ಇವತ್ತಿಗೂ ಸಿಕ್ಕಿಲ್ಲ.