ಮೂರನೆಯ ತಂತಿ ಎಲ್ಲಿಗೆ ಹೋಗುತ್ತದೆ? ಹತ್ತನೆಯ ತರಗತಿಯ ಒಂದು ಪಾಠದ ವಿಮರ್ಶೆ

ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಅಧ್ಯಾಯದೊಳಗೆ, ಮನೆಯ ವಿದ್ಯುನ್ಮಂಡಲವನ್ನು ಕುರಿತ ಪುಟ್ಟ ಭಾಗವೊಂದಿದೆ. ಅದರ ಕನ್ನಡ ರೂಪ ನಮ್ಮ ರಾಜ್ಯದ ಶಾಲೆಗಳಲ್ಲೂ ಬಳಕೆಗೆ ಬಂದಿದೆ. ಮುಂದೆ ವಿದ್ಯುತ್ ವಿಷಯವನ್ನು ಓದದ ಮಕ್ಕಳಿಗೆ ಅರ್ಥಿಂಗ್ ಬಗ್ಗೆ ಸಿಗುವ ಮೊದಲ ಪಾಠವೂ ಕೊನೆಯ ಪಾಠವೂ ಇದೇ. ಆದ್ದರಿಂದ ಆ ಕೆಲವು ಸಾಲುಗಳನ್ನು ಸ್ವಲ್ಪ ಕಟ್ಟುನಿಟ್ಟಾಗಿಯೇ ಪರಿಶೀಲಿಸಬೇಕಾಗಿದೆ.

ಮೊದಲು ಮೆಚ್ಚತಕ್ಕ ಅಂಶಗಳು. ಸಜೀವ, ತಟಸ್ಥ ಮತ್ತು ಭೂಸಂಪರ್ಕ ಎಂಬ ಮೂರು ತಂತಿಗಳನ್ನು ಪಾಠ ಸ್ಪಷ್ಟವಾಗಿ ಬೇರ್ಪಡಿಸುತ್ತದೆ. 5 ಆಂಪಿಯರ್ ಮತ್ತು 15 ಆಂಪಿಯರ್ ಮಂಡಲಗಳು ಏಕೆ ಬೇರೆ ಬೇರೆ ಎಂಬುದನ್ನು ತಿಳಿಸುತ್ತದೆ. ಇಸ್ತ್ರಿ ಪೆಟ್ಟಿಗೆ, ರೆಫ್ರಿಜರೇಟರುಗಳಂಥ ಲೋಹದ ಹೊರಮೈಯುಳ್ಳ ಸಾಧನಗಳಿಗೆ ಭೂಸಂಪರ್ಕ ಮುಖ್ಯ ಎಂದು ಒತ್ತಿ ಹೇಳುತ್ತದೆ. ಇಷ್ಟು ಕಡಿಮೆ ಜಾಗದಲ್ಲಿ ಇದು ಒಳ್ಳೆಯ ಕೆಲಸವೇ.

ಆದರೆ ಸಜೀವ ತಂತಿಗೆ ಧನ, ತಟಸ್ಥಕ್ಕೆ ಋಣ ಎಂದು ಪರ್ಯಾಯ ಹೆಸರು ಕೊಟ್ಟಿರುವುದು ಸರಿಯಲ್ಲ. 50 ಹರ್ಟ್ಸ್ ಪರ್ಯಾಯ ವಿದ್ಯುತ್ತಿನಲ್ಲಿ ಪ್ರವಾಹದ ದಿಕ್ಕು ಸೆಕೆಂಡಿನ ನೂರನೆಯ ಒಂದು ಭಾಗಕ್ಕೊಮ್ಮೆ ಬದಲಾಗುತ್ತದೆ. ಅಲ್ಲಿ ಶಾಶ್ವತವಾದ ಧನವೂ ಇಲ್ಲ, ಋಣವೂ ಇಲ್ಲ. ಇದನ್ನು ಸಣ್ಣ ಲೋಪವೆಂದು ಬಿಡಬಹುದು. ಬಿಡಲಾಗದ ಲೋಪ ಮೂರನೆಯ ತಂತಿಯ ವಿಷಯದಲ್ಲಿದೆ.

ಹಸಿರು ತಂತಿಯನ್ನು ಮನೆಯ ಬಳಿ ಆಳದಲ್ಲಿ ಹೂತ ಲೋಹದ ಫಲಕಕ್ಕೆ ಜೋಡಿಸಿರುತ್ತಾರೆ. ಅದು ಕಡಿಮೆ ರೋಧದ ದಾರಿಯಾದ್ದರಿಂದ ಸಾಧನದ ಮೈಯ ವಿಭವ ಭೂಮಿಯ ವಿಭವದಲ್ಲೇ ಉಳಿಯುತ್ತದೆ ಎಂಬುದು ಪಾಠದ ತಾತ್ಪರ್ಯ. ಇದನ್ನು ಓದಿದ ವಿದ್ಯಾರ್ಥಿಗೆ ಭೂಮಿ ಎಂದರೆ ವಿದ್ಯುತ್ತನ್ನು ನುಂಗುವ ಹೊಂಡ ಎನಿಸುವುದು ಸಹಜ. ಆದರೆ ಪ್ರವಾಹಕ್ಕೆ ಮುಚ್ಚಿದ ಮಂಡಲ ಬೇಕೆಂದು ಅದೇ ಪುಸ್ತಕ ಕಲಿಸಿದೆ. ಹಾಗಾದರೆ ಮಣ್ಣಿಗಿಳಿದ ಪ್ರವಾಹ ಎಲ್ಲಿಗೆ ಹೋಗುತ್ತದೆ? ಬೀದಿಯ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಅಲ್ಲಿ ತಟಸ್ಥ ಬಿಂದುವನ್ನೂ ಭೂಮಿಗೆ ಜೋಡಿಸಿರುತ್ತಾರೆ. ಈ ಒಂದು ಸಂಗತಿ ಪಾಠದಲ್ಲಿಲ್ಲ. ಚಿತ್ರದಲ್ಲಿ ಟ್ರಾನ್ಸ್‌ಫಾರ್ಮರೂ ಇಲ್ಲ.

ಒಂದು ಲೆಕ್ಕ ನೋಡೋಣ. ಮನೆಯ ಅರ್ಥಿಂಗ್ ಗುಂಡಿಯ ರೋಧ 5 ಓಮ್ ಇರಲಿ. ಇದು ಒಳ್ಳೆಯ ಗುಂಡಿಯೇ. ಟ್ರಾನ್ಸ್‌ಫಾರ್ಮರಿನದು 2 ಓಮ್. ಗೀಸರಿನ ಮೈಗೆ ಸಜೀವ ತಂತಿ ತಗುಲಿದರೆ 230 ವೋಲ್ಟನ್ನು 7ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 33 ಆಂಪಿಯರ್ ಹರಿಯುತ್ತದೆ. ಆಗ ಗೀಸರಿನ ಮೈಯ ವಿಭವ 33 ಗುಣಿಸು 5, ಸುಮಾರು 165 ವೋಲ್ಟ್! ಭೂಮಿಯ ವಿಭವದಲ್ಲೇನೂ ಅದು ಉಳಿಯಲಿಲ್ಲ. 16 ಆಂಪಿಯರಿನ 'ಸಿ' ಮಾದರಿಯ ಎಂಸಿಬಿ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. 33 ಆಂಪಿಯರಿಗೆ ಅದು ಬಿಸಿಯೇರಿ ಬೀಳುವಷ್ಟರಲ್ಲಿ ಬಚ್ಚಲಿನಲ್ಲಿ ಒದ್ದೆ ಕೈಯಿಂದ ನಲ್ಲಿ ಹಿಡಿದವರ ಗತಿಯೇನು?

ಇಲ್ಲಿಯೇ 'ನಮ್ಮ ಮನೆಯದು ಯಾವ ಬಗೆಯ ಭೂಸಂಪರ್ಕ?' ಎಂಬ ಪ್ರಶ್ನೆ ಏಳುತ್ತದೆ. ಪಾಠ ಒಂದೇ ಬಗೆಯನ್ನು ಹೇಳಿದರೂ ರೂಢಿಯಲ್ಲಿ ಮುಖ್ಯವಾಗಿ ಮೂರಿವೆ. ಕಂಬದಿಂದ ಎರಡೇ ತಂತಿ ಬಂದು, ಹಸಿರು ತಂತಿ ಮನೆಯ ಸ್ವಂತ ಗುಂಡಿಗಷ್ಟೇ ಹೋದರೆ ಅದು ಟಿಟಿ. ಸಂಕೀರ್ಣದ ಸ್ವಂತ ಟ್ರಾನ್ಸ್‌ಫಾರ್ಮರಿನಿಂದ ತಟಸ್ಥದ ಜೊತೆಗೆ ಪ್ರತ್ಯೇಕ ಭೂಸಂಪರ್ಕ ವಾಹಕವೂ ಕೇಬಲ್ಲಿನೊಡನೆ ಬಂದರೆ ಟಿಎನ್-ಎಸ್. ತಟಸ್ಥವೊಂದೇ ಬಂದು, ಸರಬರಾಜು ಮನೆ ಹೊಗುವಲ್ಲಿ ಅದರಿಂದಲೇ ಭೂಸಂಪರ್ಕವನ್ನು ಕವಲೊಡೆಸಿದ್ದರೆ ಟಿಎನ್-ಸಿ-ಎಸ್. ಕೊನೆಯ ಎರಡರಲ್ಲಿ ದೋಷದ ಪ್ರವಾಹ ಮಣ್ಣನ್ನು ನೆಚ್ಚದೆ ಲೋಹದ ದಾರಿಯಲ್ಲೇ ಮರಳುತ್ತದೆ. ಆ ದಾರಿಯ ಒಟ್ಟು ರೋಧ 1 ಓಮ್ ಎಂದಿಟ್ಟುಕೊಂಡರೂ 230 ಆಂಪಿಯರ್ ಹರಿದು ಎಂಸಿಬಿ ಕೂಡಲೇ ಬೀಳುತ್ತದೆ.

ಟಿಟಿ ಮನೆಗೆ ಹಾಗಾದರೆ ರಕ್ಷಣೆ ಏನು? ಆರ್‌ಸಿಸಿಬಿ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದೊಡನೆ ಅದು ಸರಬರಾಜನ್ನು ಕಡಿಯುತ್ತದೆ. ಗುಂಡಿ ಒಣಗಿ ರೋಧ 100 ಓಮ್‌ಗೆ ಏರಿದ್ದರೂ 2 ಆಂಪಿಯರಿಗಿಂತ ಹೆಚ್ಚು ಸೋರುವುದರಿಂದ ಅದರ ಕೆಲಸಕ್ಕೆ ಅಡ್ಡಿಯಿಲ್ಲ. ಉಪ್ಪು, ಇದ್ದಿಲು, ನೀರು ಗುಂಡಿಯ ರೋಧವನ್ನು ತಗ್ಗಿಸುತ್ತವೆ ನಿಜ. ಆದರೆ ಟಿಟಿ ಮನೆಯಲ್ಲಿ ಆರ್‌ಸಿಸಿಬಿಯ ಸ್ಥಾನವನ್ನು ಅವು ತುಂಬಲಾರವು. ಪಾಠ ಫ್ಯೂಸಿನ ಬಗ್ಗೆ ಹೇಳಿ ಇದರ ಹೆಸರನ್ನೇ ಎತ್ತದಿರುವುದು ದೊಡ್ಡ ಕೊರತೆ.

ಪಾಠದ ಮೌನಕ್ಕೆ ಮನೆಗಳಲ್ಲಿ ಬೆಲೆ ತೆರಬೇಕಾಗುತ್ತದೆ. ಫೇಸ್ ಮತ್ತು ಅರ್ಥ್ ನಡುವೆ 100 ವಾಟ್ ಬಲ್ಬು ಹಚ್ಚಿ 'ಉರಿಯಿತು, ಅರ್ಥಿಂಗ್ ಚೆನ್ನಾಗಿದೆ' ಎನ್ನುವ ಪದ್ಧತಿಯುಂಟು. ಉರಿಯುವ ಬಲ್ಬಿನ ರೋಧವೇ ಸುಮಾರು 530 ಓಮ್. ಗುಂಡಿ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕಿ ಅದು ಬೆಳಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಸಾಕೆಟ್ಟಿನಲ್ಲೇ ನ್ಯೂಟ್ರಲನ್ನು ಅರ್ಥ್ ಪಿನ್ನಿಗೆ ಜೋಡಿಸುವುದು. ಆಗಲೂ ಬಲ್ಬು ಉರಿಯುತ್ತದೆ. ಆದರೆ ಹಿಂದೆಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ, ಚಾಲೂ ಇರುವ ಸಾಧನದ ಮೂಲಕ 230 ವೋಲ್ಟ್ ಆ ಸಾಕೆಟ್ಟಿಗೆ ಸೇರಿದ ಲೋಹದ ಮೈಗೆ ಬರುತ್ತದೆ. ಇದನ್ನು ಟಿಎನ್-ಸಿ-ಎಸ್ ಎಂದು ಕರೆಯಲಾಗದು. ಇದು ಅಪಾಯದ ಕೆಲಸ.

1956ರ ಭಾರತೀಯ ವಿದ್ಯುತ್ ನಿಯಮಗಳ 33ನೆಯ ನಿಯಮ, ಸರಬರಾಜುದಾರರು ಗ್ರಾಹಕನ ಆವರಣದಲ್ಲಿ ಭೂಸಂಪರ್ಕದ ಟರ್ಮಿನಲ್ ಒದಗಿಸಬೇಕೆಂದು ಹೇಳಿತ್ತು. ಅಂದರೆ ಭೂಸಂಪರ್ಕ ಕೇವಲ ಮನೆಯವರ ಗುಂಡಿಯ ವಿಷಯವಲ್ಲ ಎಂಬ ತಿಳಿವಳಿಕೆ ಪಾಠಕ್ಕಿಂತ ಐವತ್ತು ವರ್ಷ ಮೊದಲೇ ಕಾನೂನಿನಲ್ಲಿತ್ತು.

ಪಾಠವನ್ನು ಸರಿಪಡಿಸಲು ಪುಟಗಳೇನೂ ಬೇಕಿಲ್ಲ. ಚಿತ್ರದಲ್ಲಿ ಭೂಮಿಗೆ ಜೋಡಿಸಿದ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಆರ್‌ಸಿಸಿಬಿ, ಕೆಳಗೆ ನಾಲ್ಕು ಸಾಲು ಸಾಕು. ಅಲ್ಲಿಯವರೆಗೆ ಶಿಕ್ಷಕರು ಕಪ್ಪುಹಲಗೆಯ ಮೇಲೆ ಅವೆರಡನ್ನು ಬರೆದು, ಮೇಲಿನ ಲೆಕ್ಕವನ್ನು ಮಕ್ಕಳಿಂದ ಮಾಡಿಸಬಹುದು. ಮನೆಗೆ ಎಷ್ಟು ತಂತಿ ಬಂದಿವೆ, ಹಸಿರು ತಂತಿ ಎತ್ತ ಹೋಗಿದೆ, ಪರೀಕ್ಷಾ ಗುಂಡಿಯುಳ್ಳ ಆರ್‌ಸಿಸಿಬಿ ಇದೆಯೇ ಎಂದು ಮಕ್ಕಳು ದೂರದಿಂದ ನೋಡಿಬರಲಿ. ಮೀಟರಿನ ಸೀಲು, ಪೆಟ್ಟಿಗೆಯ ಮುಚ್ಚಳ ಮುಟ್ಟುವುದು ಬೇಡ. ನೋಟದಿಂದ ತಿಳಿಯದ್ದನ್ನು ಪರವಾನಗಿ ಪಡೆದ ಗುತ್ತಿಗೆದಾರರು ಉಪಕರಣದಿಂದ ಅಳೆದು ಹೇಳಬೇಕು.