ಔಷಧ ಪರೀಕ್ಷೆಯಲ್ಲಿ ಅಯಾನು ವಿದ್ಯುದಗ್ರ: ಒಂದು ವಿಮರ್ಶೆ

ದ್ರಾವಣದಲ್ಲಿ ಅದ್ದಿದೊಡನೆ ಇಂತಹ ಅಯಾನು ಇಷ್ಟಿದೆಯೆಂದು ತಿಳಿಸುವ ವಿದ್ಯುದಗ್ರಕ್ಕೆ ಮೊದಲು ‘ನಿರ್ದಿಷ್ಟ’ವೆಂಬ ವಿಶೇಷಣವು ಸಂದಿತ್ತು. ವಿಜ್ಞಾನಿಗಳು ಅನಂತರ ಅದನ್ನು ಬಿಟ್ಟು ‘ವರಣಶೀಲ’ವೆಂದು ಕರೆದುದು ಉಚಿತವೇ ಆಯಿತು. ನಿರ್ದಿಷ್ಟವಾದುದು ಒಂದನ್ನಲ್ಲದೆ ಮತ್ತೊಂದನ್ನು ಅರಿಯದು. ವರಣಶೀಲವಾದುದು ಹಲವುಗಳ ನಡುವೆ ಒಂದನ್ನು ಹೆಚ್ಚಾಗಿ ಆರಿಸುವುದು, ಅಷ್ಟೆ. ಈ ಭೇದವನ್ನು ಮರೆತರೆ ಒದಗುವ ಪ್ರಮಾದಕ್ಕೆ ಫ್ಲೋರೈಡು ಒಳ್ಳೆಯ ನಿದರ್ಶನವಾಗಿದೆ.

ಫ್ರ್ಯಾಂಟ್ ಮತ್ತು ರಾಸ್ ಎಂಬವರು 1966ರಲ್ಲಿ ಪ್ರಕಟಿಸಿದ ಫ್ಲೋರೈಡ್ ವಿದ್ಯುದಗ್ರದ ಹೃದಯವು ಲ್ಯಾಂಥನಮ್ ಫ್ಲೋರೈಡಿನ ಒಂದು ಹರಳು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಯಾನು ಹತ್ತು ಮಡಿಯಾದರೆ ವಿಭವವು ಸುಮಾರು 59 ಮಿಲಿವೋಲ್ಟಿನಷ್ಟು ಬದಲಾಗುವುದು. ಆದುದರಿಂದ ಒಂದೇ ಮಿಲಿವೋಲ್ಟಿನ ತಪ್ಪು ಫಲಿತಾಂಶದಲ್ಲಿ ಶೇಕಡಾ 4ರಷ್ಟು ತಪ್ಪಾಗುವುದು. ಕ್ಷಾರವು ಹೆಚ್ಚಿದರೆ ಈ ಹರಳು ಹೈಡ್ರಾಕ್ಸೈಡಿಗೂ ಮಣಿಯುವುದು. ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ವಿದ್ಯುದಗ್ರವು ಕಾಣುವುದು ಬಿಡಿಯಾಗಿರುವ ಅಯಾನನ್ನು ಮಾತ್ರ.

ಹಲ್ಲಿನ ರಕ್ಷಣೆಗಾಗಿ ಬಳಸುವ ಲೇಪಗಳನ್ನು ನೋಡಬಹುದು. ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಬೆರೆತ ಲೇಪದಲ್ಲಿ ಫ್ಲೋರೀನು ರಂಜಕದೊಡನೆ ಬಂಧಿತವಾಗಿರುವುದು. ಆಮ್ಲದಿಂದ ಅದನ್ನು ಬಿಡಿಸದೆ ಅಳೆದವನಿಗೆ ಲೇಪವೇ ಕಳಪೆಯೆಂದು ತೋರುವುದು. ಇದಕ್ಕೆ ಪ್ರತಿಯಾಗಿ, ಸೋಡಿಯಂ ಫ್ಲೋರೈಡಿನೊಡನೆ ಸೀಮೆಸುಣ್ಣವನ್ನು ಬೆರೆಸಿದಲ್ಲಿ ಫ್ಲೋರೈಡು ಕ್ಯಾಲ್ಸಿಯಂ ಫ್ಲೋರೈಡಾಗಿ ಕರಗದೆ ನಿಲ್ಲುವುದು. ಆಗ ಒಟ್ಟು ಪ್ರಮಾಣವು ಸರಿಯಿದ್ದರೂ ಗುಣವು ಕುಂದಿರುವುದನ್ನು ಹೇಳತಕ್ಕದು ಇದೇ ವಿದ್ಯುದಗ್ರ. ಮೊದಲನೆಯದರಲ್ಲಿ ದೋಷವಾದುದು ಎರಡನೆಯದರಲ್ಲಿ ಗುಣವಾಯಿತು.

ಇಂತಹ ಲೇಪವು ಒಂದು ಮಗುವಿಗೆ ಎಷ್ಟು ತಕ್ಕುದೆಂಬುದನ್ನು ನಿಶ್ಚಯಿಸಲು ಆ ಮಗು ಕುಡಿಯುವ ನೀರಿನ ಫ್ಲೋರೈಡನ್ನೂ ಅರಿಯಬೇಕು. ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರರಸರ ಕಾಲದಲ್ಲಿ ಕಟ್ಟಿದ ಬೋರನಕಣಿವೆಯ ಕೆರೆ ತುಂಬಿದರೂ, ಬತ್ತಿದರೂ, ಸುತ್ತಣ ತೆಂಗಿನ ಸೀಮೆಯಲ್ಲಿ ಕೊಳವೆಬಾವಿಯ ಆಶ್ರಯವು ತಪ್ಪಿದುದಲ್ಲ; ತುಮಕೂರು ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿಯಾದರೋ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು. ಅಂತಹ ನೀರನ್ನು ಪಟಿಕ ಮತ್ತು ಸುಣ್ಣದಿಂದ ಶುದ್ಧಿಮಾಡುವ ನಲ್ಗೊಂಡ ವಿಧಾನವು ಪ್ರಸಿದ್ಧವಾಗಿದೆ. ಪಟಿಕದ ಅಲ್ಯೂಮಿನಿಯಂ ನೀರಿನಲ್ಲಿ ಉಳಿದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವುದು. ಆ ಬಂಧವನ್ನು ಬಿಡಿಸುವ ದ್ರವವನ್ನು ಬೆರೆಸದೆ ವಿದ್ಯುದಗ್ರವನ್ನು ಅದ್ದಿದರೆ ಅಂಕಿಯು ಕಡಿಮೆಯಾಗಿ ಬರುವುದು. ಅಂಕಿಯೇನೋ ಸಮಾಧಾನಕರ, ಮಗುವಿನ ಹೊಟ್ಟೆಗೆ ಹೋಗುವ ಫ್ಲೋರೈಡು ಮಾತ್ರ ಕಡಿಮೆಯಾಗಿರುವುದಿಲ್ಲ.

ಸಾಧನವನ್ನು ಹಳಿಯುವುದು ಈ ವಿಮರ್ಶೆಯ ಉದ್ದೇಶವಲ್ಲ. ಅದು ತಾನು ಕಂಡುದನ್ನು ಹೇಳುವ ಸಾಕ್ಷಿ, ತೀರ್ಪು ಪರೀಕ್ಷಕನದು. ಆದುದರಿಂದ ವರದಿಯಲ್ಲಿನ ಪ್ರತಿಯೊಂದು ಅಂಕಿಯ ಪಕ್ಕದಲ್ಲಿಯೂ ‘ಬಿಡಿ’ಯೋ ‘ಒಟ್ಟೋ’ ಎಂಬ ಒಂದು ಪದವಿರತಕ್ಕದು. ಅದಿಲ್ಲದ ಅಂಕಿಯು ಎಷ್ಟು ಸೂಕ್ಷ್ಮವಾಗಿದ್ದರೂ ಅರ್ಥಹೀನವೇ ಸರಿ.